ಸಮಾಧಿಯ ರೇಷ್ಮೆಯಿಂದ ನಕ್ಷೆಗೆ: 1598ರ ಕಾರ್ಸೆಟ್ಟನ್ನು ಮತ್ತೆ ಹೊಲಿಯುವುದು

ಹದಿನಾರನೇ ಶತಮಾನದ ಯುರೋಪಿನ ರಾಣಿಯರ ಚಿತ್ರಗಳಲ್ಲಿ ಎದೆಯಿಂದ ಸೊಂಟದವರೆಗಿನ ಭಾಗ ಮಡಿಕೆಯೇ ಇಲ್ಲದೆ, ತಲೆಕೆಳಗಾದ ಶಂಕುವಿನಂತೆ ಚಪ್ಪಟೆಯಾಗಿ ಕಾಣುತ್ತದೆ. ಆ ಆಕಾರ ಕೊಡುತ್ತಿದ್ದ ಒಳ ಉಡುಪು ಮಾತ್ರ ಯಾವ ಚಿತ್ರದಲ್ಲೂ ಕಾಣುವುದಿಲ್ಲ, ಅದರ ಮೇಲೆ ಗೌನು ಇರುತ್ತದೆ. ಹಾಗಾಗಿ ಆ ಕಾಲದ ಕಾರ್ಸೆಟ್ಟನ್ನು ಇವತ್ತು ಹೊಲಿಯಹೊರಟವರಿಗೆ ನೂರಾರು ವರ್ಣಚಿತ್ರಗಳಿದ್ದರೂ ಆಧಾರ ತೀರಾ ಕಡಿಮೆ. ಮುಟ್ಟಿ ಅಳೆದು ನೋಡಬಹುದಾದ ವಸ್ತುಗಳನ್ನು ಬೆರಳಲ್ಲಿ ಎಣಿಸಬಹುದು.

ಮುಖ್ಯವಾದದ್ದು ಜರ್ಮನಿಯದು. ಫಾಲ್ಜ್-ನಾಯ್‌ಬುರ್ಗ್ ಮನೆತನದ ಡೊರೊಥಿಯಾ ಸಬೀನಾ 1598ರಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡಳು. ಬವೇರಿಯಾದ ಲೌಯಿಂಗೆನ್‌ನಲ್ಲಿ ಆಕೆಯನ್ನು ಸಮಾಧಿ ಮಾಡಿದಾಗ ಮೈಮೇಲಿದ್ದ ರೇಷ್ಮೆಯ ಕಾರ್ಸೆಟ್ ಈಗ ಮ್ಯೂನಿಕ್‌ನ ಬವೇರಿಯನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಇದಕ್ಕೆ ಬೆನ್ನಿನ ಕಡೆ ಲಾಡಿ, ಮುಂದೆ ನಟ್ಟನಡುವೆ ಮರದ ಪಟ್ಟಿ ತೂರಿಸಲು ಒಂದು ಗೂಡು. ಬಟ್ಟೆ ಇತಿಹಾಸಗಾರ್ತಿ ಜಾನೆಟ್ ಆರ್ನಾಲ್ಡ್ ಇದನ್ನು ಅಳೆದು 1985ರಲ್ಲಿ ನಕ್ಷೆ ಪ್ರಕಟಿಸಿದರು.

ಇನ್ನೊಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯದು. 1603ರಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಶವಯಾತ್ರೆಗೆಂದು ಮಾಡಿದ ಪ್ರತಿಕೃತಿಗೆ ಒಂದು ಕಾರ್ಸೆಟ್ ತೊಡಿಸಿದ್ದರು. 1760ರಲ್ಲಿ ಪ್ರತಿಕೃತಿಯನ್ನು ಹೊಸದಾಗಿ ಮಾಡಿದರೂ ಹಳೆಯ ಒಳ ಉಡುಪನ್ನು ಹಾಗೆಯೇ ಉಳಿಸಿಕೊಂಡರು. ಇದು ರೇಷ್ಮೆಯದಲ್ಲ, ಫಸ್ಟಿಯನ್ ಎಂಬ ದಪ್ಪ ಓರೆ ನೇಯ್ಗೆಯ ಬಟ್ಟೆಯದು. ಲಾಡಿ ಮುಂಭಾಗದಲ್ಲಿದೆ, ಅಂಚಿಗೆ ಹಸಿರು ಚರ್ಮದ ಪಟ್ಟಿ ಇದೆ. ಮೂರನೆಯದಾಗಿ, 1562ರಲ್ಲಿ ತೀರಿಕೊಂಡ ಇಟಲಿಯ ಫ್ಲಾರೆನ್ಸ್‌ನ ಡಚೆಸ್, ಟೊಲೆಡೊದ ಎಲಿಯೊನೋರಾಳ ಸಮಾಧಿಯಲ್ಲಿ ಕೆಂಪು ಮಖಮಲ್ಲಿನ, ಮೈಯ ಮೇಲ್ಭಾಗದ ಒಳ ಉಡುಪೊಂದು ಸಿಕ್ಕಿದೆ. ಅದರಲ್ಲಿ ಉಡುಪನ್ನು ಗಡುಸಾಗಿ ನಿಲ್ಲಿಸುವ ಕಡ್ಡಿಗಳೇ ಇಲ್ಲ, ಮುಂದೆ ಕೊಕ್ಕೆಗಳಿವೆ.

ನಲವತ್ತು ವರ್ಷ, ಮೂರು ದೇಶ, ಮೂರು ಉಡುಪು. ಒಂದಕ್ಕೆ ಹಿಂದೆ ಲಾಡಿ, ಒಂದಕ್ಕೆ ಮುಂದೆ ಲಾಡಿ, ಒಂದಕ್ಕೆ ಲಾಡಿಯೇ ಇಲ್ಲ. ಇವುಗಳ ಸರಾಸರಿ ತೆಗೆದು ‘ಆ ಕಾಲದ ಕಾರ್ಸೆಟ್’ ಎಂದು ಒಂದನ್ನು ಹೊಲಿದರೆ ಅದು ಯಾವ ಕಾಲದ್ದೂ ಆಗುವುದಿಲ್ಲ. ಒಂದನ್ನು ಆರಿಸಿಕೊಂಡು, ಅದರಲ್ಲಿ ತಿಳಿಯದ ಕಡೆ ಮಾತ್ರ ಉಳಿದೆರಡರ ಸಹಾಯ ಪಡೆಯುವುದು ಸರಿಯಾದ ದಾರಿ. ಇಲ್ಲಿ ಆರಿಸಿಕೊಂಡಿರುವುದು 1598ರ ಜರ್ಮನ್ ಮಾದರಿ: ಹಿಂದೆ ಲಾಡಿ, ಮುಂದೆ ಮರದ ಪಟ್ಟಿ.

ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕು

ಕೆಲಸ ಶುರುವಾಗುವುದು ಕತ್ತರಿಯಿಂದಲ್ಲ, ಮೂರು ಬಣ್ಣದ ಪೆನ್ಸಿಲ್‌ನಿಂದ. ನಕ್ಷೆಯ ಪ್ರತಿ ಗೆರೆಯನ್ನೂ ಬಣ್ಣದಲ್ಲಿ ಗುರುತಿಸಬೇಕು: ಮೂಲ ಉಡುಪಿನಲ್ಲಿ ಕಣ್ಣಿಗೆ ಕಾಣುವುದಕ್ಕೆ ಕಪ್ಪು, ಮೂಲದ ಗುರುತುಗಳಿಂದ ತರ್ಕಿಸಿದ್ದಕ್ಕೆ ನೀಲಿ, ಬರೀ ಊಹೆಗೆ ಕೆಂಪು. ಹೊಲಿಗೆ ಮುಗಿಯುವ ಹೊತ್ತಿಗೆ ಯಾವುದು ಯಾವುದು ಎಂದು ಮರೆತೇ ಹೋಗಿರುತ್ತದೆ. ಆಮೇಲೆ ನೋಡಿದವರು ಕೆಂಪು ಗೆರೆಯನ್ನೂ ಇತಿಹಾಸವೆಂದೇ ನಂಬುತ್ತಾರೆ. ತಪ್ಪು ನಕ್ಷೆಗಳು ಒಬ್ಬರಿಂದ ಒಬ್ಬರಿಗೆ ಹರಡುವುದು ಹೀಗೆಯೇ.

ಸಮಾಧಿಯಲ್ಲಿ ಸಿಕ್ಕ ಬಟ್ಟೆಯನ್ನು ಓದುವಾಗ ಒಂದು ವಿಷಯ ನೆನಪಿರಬೇಕು. ರೇಷ್ಮೆ ಮತ್ತು ಉಣ್ಣೆ ಪ್ರಾಣಿಜನ್ಯ ಪ್ರೋಟೀನು, ಲಿನನ್ ಮತ್ತು ಹತ್ತಿ ಸಸ್ಯದ ಸೆಲ್ಯುಲೋಸ್. ಆಮ್ಲೀಯವಾದ, ತೇವದ ಜಾಗದಲ್ಲಿ ಸೆಲ್ಯುಲೋಸ್ ಮೊದಲು ಕರಗುತ್ತದೆ, ಪ್ರೋಟೀನು ತಡೆದುಕೊಳ್ಳುತ್ತದೆ. ಆದ್ದರಿಂದ ಸಮಾಧಿಯ ಉಡುಪಿನಲ್ಲಿ ರೇಷ್ಮೆ ಮಾತ್ರ ಕಂಡರೆ ‘ಒಳಗೆ ಲಿನನ್ ಇರಲಿಲ್ಲ’ ಎಂದು ತೀರ್ಮಾನಿಸಬಾರದು. ರೇಷ್ಮೆಯ ಮೇಲೆ ಸಾಲಾಗಿ ಸೂಜಿಯ ತೂತುಗಳಿದ್ದು ದಾರ ಇಲ್ಲದಿದ್ದರೆ, ದಾರ ಲಿನನ್ನಿನದಾಗಿತ್ತು ಎನ್ನಲು ಅದೇ ಒಳ್ಳೆಯ ಸುಳಿವು. ಎರಡು ತೂತಿನ ಸಾಲುಗಳ ನಡುವಿನ ಅಂತರ ಕಡ್ಡಿಯ ಅಗಲವನ್ನು ಹೇಳುತ್ತದೆ, ಒಂದೇ ಸಾಲಿನ ತೂತುಗಳ ಅಂತರ ಟಾಕಿನ ಉದ್ದವನ್ನು ಹೇಳುತ್ತದೆ. ಬಟ್ಟೆ ಹೋಗಿ ತೂತು ಉಳಿದಿದ್ದರೂ ಅದು ಸಾಕ್ಷಿಯೇ.

ಕೈಯಲ್ಲಿರುವುದು ಒಂದೇ ಛಾಯಾಚಿತ್ರವಾದರೆ ಅಳತೆಗೋಲು ಮೊದಲು ಬೇಕು. ಸಂಗ್ರಹಾಲಯದ ವಿವರದಲ್ಲಿ ಒಂದಾದರೂ ಅಳತೆ ಕೊಟ್ಟಿದ್ದರೆ, ಉದಾಹರಣೆಗೆ ಬೆನ್ನಿನ ಎತ್ತರ, ಅದನ್ನೇ ಆಧಾರವಾಗಿ ಹಿಡಿಯಬೇಕು. ಅಗಲದ ವಿಷಯದಲ್ಲಿ ಫೋಟೊ ಮೋಸ ಮಾಡುತ್ತದೆ. ಬೊಂಬೆಗೆ ತೊಡಿಸಿದ ಉಡುಪಿನ ಪಕ್ಕದ ಭಾಗ ಕ್ಯಾಮೆರಾದಿಂದ ಆಚೆ ತಿರುಗಿರುತ್ತದೆ. 30 ಡಿಗ್ರಿ ತಿರುಗಿದ ಭಾಗ ನಿಜ ಅಗಲದ ಶೇ. 87ರಷ್ಟು ಕಾಣುತ್ತದೆ, 45 ಡಿಗ್ರಿಗೆ ಶೇ. 71, 60 ಡಿಗ್ರಿಗೆ ಅರ್ಧ. ಮುಂಭಾಗದ ಫೋಟೊದಿಂದ ಪಕ್ಕದ ತುಂಡನ್ನು ನೇರವಾಗಿ ಅಳೆದವರ ನಕ್ಷೆಯಲ್ಲಿ ಕಂಕುಳ ಹತ್ತಿರ ಬಟ್ಟೆ ಸಾಲದೆ ಬರುವುದು ಇದರಿಂದಲೇ. ನೇರ ಫೋಟೊದಿಂದ ಎತ್ತರಗಳನ್ನು ಮಾತ್ರ ತೆಗೆದುಕೊಂಡು, ಅಗಲಗಳನ್ನು ಪಕ್ಕದಿಂದ ತೆಗೆದ ಫೋಟೊದಿಂದಲೋ ಧರಿಸುವವರ ಮೈಯಿಂದಲೋ ತೆಗೆದುಕೊಳ್ಳುವುದು ಕ್ಷೇಮ.

ಪ್ರಕಟವಾದ ನಕ್ಷೆ ಸಿಕ್ಕಿದರೂ ಎಚ್ಚರ ತಪ್ಪಬಾರದು. ಆರ್ನಾಲ್ಡ್ ಅವರ ನಕ್ಷೆಗಳು ನಿಜ ಅಳತೆಯ ಎಂಟನೇ ಒಂದು ಪಾಲಿನಲ್ಲಿವೆ. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಂಟು ಪಟ್ಟು ಹಿಗ್ಗಿದರೆ 4 ಮಿ.ಮೀ. ಆಗುತ್ತದೆ. ಗೆರೆಯ ಒಳಗೆ ಕತ್ತರಿಸುವುದೋ ಹೊರಗೆ ಕತ್ತರಿಸುವುದೋ ಎಂಬಷ್ಟರಿಂದಲೇ ನಾಲ್ಕು ಜೋಡಣೆ ಅಂಚುಗಳಲ್ಲಿ ಸೇರಿ 16 ಮಿ.ಮೀ. ವ್ಯತ್ಯಾಸ ಬರುತ್ತದೆ. ಬ್ಲೌಸಿನಲ್ಲಿ ಒಂದೂವರೆ ಸೆಂಟಿಮೀಟರ್ ನಡೆದುಹೋಗುತ್ತದೆ, ಕಾರ್ಸೆಟ್ಟಿನಲ್ಲಿ ಅಷ್ಟು ಹೆಚ್ಚುಕಡಿಮೆಯಾದರೆ ಉಡುಪೇ ಬೇರೆ. ಜೆರಾಕ್ಸ್ ಯಂತ್ರದಲ್ಲಿ ಹಿಗ್ಗಿಸುವ ಬದಲು, ಗ್ರಾಫ್ ಚೌಕಗಳನ್ನು ಎಣಿಸಿ ಕೈಯಿಂದಲೇ ಬರೆದುಕೊಳ್ಳಬೇಕು.

ನಂತರದ ಕಾಲದ ಜ್ಞಾನ ಹಿಂದಕ್ಕೆ ನುಸುಳದಂತೆ ನೋಡಿಕೊಳ್ಳುವುದು ಇನ್ನೂ ಕಷ್ಟ. ಕಾರ್ಸೆಟ್ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಹತ್ತೊಂಬತ್ತನೇ ಶತಮಾನದ್ದು: ಲೋಹದ ಐಲೆಟ್ (ಲಾಡಿ ತೂರಿಸುವ ತೂತಿನ ಬಳೆ), ಮುಂದೆ ಎರಡು ಹೋಳಾಗಿ ತೆರೆಯುವ ಉಕ್ಕಿನ ಪಟ್ಟಿ, ಮರಳು ಗಡಿಯಾರದಂಥ ಸೊಂಟ. ಲೋಹದ ಐಲೆಟ್ ಬಂದದ್ದು 1820ರ ದಶಕದಲ್ಲಿ. ಮುಂದೆ ತೆರೆಯುವ ಪಟ್ಟಿಗೆ ಪೇಟೆಂಟ್ ಸಿಕ್ಕಿದ್ದು 1829ರಲ್ಲಿ. 1598ರ ಉಡುಪಿನಲ್ಲಿ ಇವ್ಯಾವುದೂ ಇರಲು ಸಾಧ್ಯವಿಲ್ಲ. ಸೊಂಟ ಹಿಂಡುವುದು ಅದರ ಉದ್ದೇಶವೂ ಅಲ್ಲ. ಎದೆಯನ್ನು ಎತ್ತಿ ಚಪ್ಪಟೆ ಮಾಡಿ, ಮೇಲೆ ಬರುವ ಭಾರದ ಗೌನಿಗೆ ಸುಕ್ಕಿಲ್ಲದ ತಳಹದಿ ಕೊಡುವುದು ಅದರ ಕೆಲಸ. (ಹಳೆಯ ಕಾರ್ಸೆಟ್ಟುಗಳ ‘ಹದಿನೆಂಟು ಇಂಚಿನ ಸೊಂಟ’ದ ಕತೆಗಳನ್ನೂ ಸ್ವಲ್ಪ ಅನುಮಾನದಿಂದಲೇ ಕೇಳಬೇಕು. ಲಾಡಿ ಪೂರ್ತಿ ಮುಚ್ಚಿದಾಗಿನ ಅಳತೆ ಅದು. ಹಿಂದೆ ಐದಾರು ಸೆಂಟಿಮೀಟರ್ ತೆರಪು ಬಿಟ್ಟು ತೊಡುವುದು ಸಾಮಾನ್ಯವಾಗಿತ್ತು.)

ಮೈಯ ಅಳತೆಗೆ ನಕ್ಷೆ

22 ವರ್ಷದ ಜರ್ಮನ್ ರಾಜಕುಮಾರಿಯ ಅಳತೆ ಇವತ್ತು ಧರಿಸುವವರಿಗೆ ಹೊಂದುವುದು ಅಪರೂಪ. ಹಾಗೆಂದು ನಕ್ಷೆಯನ್ನು ಒಟ್ಟಾಗಿ ಹಿಗ್ಗಿಸಿದರೆ ಕೆಡುತ್ತದೆ. ಕಡ್ಡಿಯ ಅಗಲ, ಲಾಡಿ ಕಣ್ಣುಗಳ ಅಂತರ, ಅಂಚುಪಟ್ಟಿಯ ಅಗಲ ಇವು ಮೈ ದೊಡ್ಡದಾದರೂ ಬದಲಾಗುವುದಿಲ್ಲ, ಸಂಖ್ಯೆ ಮಾತ್ರ ಹೆಚ್ಚುತ್ತದೆ. ಕಂಕುಳ ತೂತನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿದರೆ ಎದೆ ಪಕ್ಕಕ್ಕೆ ಚೆಲ್ಲುತ್ತದೆ. ಮೂಲದಿಂದ ತೆಗೆದುಕೊಳ್ಳಬೇಕಾದದ್ದು ರಚನೆ: ಎಷ್ಟು ತುಂಡು, ಜೋಡಣೆ ಎಲ್ಲಿ, ಯಾವ ಅಂಚು ಎಳೆಯ ದಿಕ್ಕಿಗೆ ನೇರ. ಅಳತೆ ಮಾತ್ರ ಧರಿಸುವವರದು.

ಎದೆ 92, ಸೊಂಟ 76 ಸೆಂ.ಮೀ. ಇರುವವರಿಗೆ ಲೆಕ್ಕ ಹೀಗೆ. ಬೆನ್ನಿನ ತೆರಪು 5 ಸೆಂ.ಮೀ. ಎದೆಯಲ್ಲಿ ಬಿಗಿತಕ್ಕೆ 3, ಸೊಂಟದಲ್ಲಿ 4 ಸೆಂ.ಮೀ. ಕಳೆದರೆ ಸಿದ್ಧ ಉಡುಪು ಎದೆಗೆ 84, ಸೊಂಟಕ್ಕೆ 67. ಅರ್ಧ ಭಾಗಕ್ಕೆ 42 ಮತ್ತು 33.5. ಮುಂದಿನ ಅರ್ಧ ತುಂಡಿಗೆ ಮೇಲೆ 24, ಸೊಂಟದಲ್ಲಿ 20. ಹಿಂದಿನ ತುಂಡಿಗೆ ಮೇಲೆ 18, ಸೊಂಟದಲ್ಲಿ 13.5. ಮುಂದಿನ ನಡುಗೆರೆ ಮತ್ತು ಬೆನ್ನಿನ ಅಂಚು ಎರಡೂ ನೆಟ್ಟಗೆ, ಹಾಸಿನ ಎಳೆಗೆ ಸಮಾನಾಂತರ. ಎಂಟೂವರೆ ಸೆಂಟಿಮೀಟರ್ ಇಳಿಕೆಯೂ ಪಕ್ಕದ ಒಂದೇ ಜೋಡಣೆಯಲ್ಲಿ ಬರುತ್ತದೆ. ಡಾರ್ಟ್ (ಮೈಯ ಉಬ್ಬಿಗೆ ತಕ್ಕಂತೆ ಹೊಲಿಯುವ ಚೂಪು ಮಡಿಕೆ) ಒಂದೂ ಇಲ್ಲ. ಇವತ್ತಿನ ಟೈಲರಿಂಗ್ ಕಲಿತವರ ಕೈ ಇಲ್ಲಿ ಎದೆಗೆ ಡಾರ್ಟ್ ಹಾಕಲು ತವಕಿಸುತ್ತದೆ. ಹಾಕಿದರೆ ಎದೆ ಉಬ್ಬಿ ನಿಲ್ಲುತ್ತದೆ, ಶಂಕುವಿನ ಆಕಾರ ಅಲ್ಲಿಗೇ ಮುಗಿಯಿತು.

ಪಕ್ಕದ ಜೋಡಣೆಯನ್ನು ಕಂಕುಳ ನೇರಕ್ಕೆ ತರದೆ, ಸ್ವಲ್ಪ ಬೆನ್ನಿನ ಕಡೆಗೆ ಸರಿಸಬೇಕು. ಆಗ ಮುಂಭಾಗ ಒಂದೇ ಹಲಗೆಯಂತೆ ಸುತ್ತಿಕೊಳ್ಳುತ್ತದೆ. ಮುಂದಿನ ತುಂಡನ್ನು ನಡುವೆ ಮಡಿಕೆಯಿಟ್ಟು ಒಂದೇ ತುಂಡಾಗಿ ಕತ್ತರಿಸಬಹುದು. ಆ ಕಾಲದ ರೇಷ್ಮೆಯ ಪನ್ನ ಸಾಮಾನ್ಯವಾಗಿ 50ರಿಂದ 60 ಸೆಂ.ಮೀ. ಇರುತ್ತಿದ್ದರಿಂದ, ನಕ್ಷೆಯ ಯಾವ ತುಂಡಾದರೂ ಅದಕ್ಕಿಂತ ಅಗಲವಾಗಿ ಬಂದರೆ ಎಲ್ಲೋ ಊಹೆ ತಪ್ಪಿದೆ ಎಂದೇ ಅರ್ಥ. ಬಟ್ಟೆಯ ಪನ್ನ ಹೀಗೆ ಪುಕ್ಕಟೆಯಾಗಿ ತಪ್ಪು ಹಿಡಿದುಕೊಡುತ್ತದೆ.

ಸೊಂಟದ ಗೆರೆಯ ಕೆಳಗೆ 6ರಿಂದ 8 ಸೆಂ.ಮೀ. ಉದ್ದದ ಎಸಳುಗಳು ಬೇಕು. ಕೆಳ ಅಂಚಿನಿಂದ ಸೊಂಟದವರೆಗೆ ಸೀಳಿದ ಬಟ್ಟೆಯೇ ಎಸಳು. ಸೊಂಟಪಟ್ಟಿಯ ಭಾರ ಸೊಂಟಕ್ಕೆ ಕೊರೆಯದಂತೆ ಇವು ಹರಡಿಕೊಂಡು ತಡೆಯುತ್ತವೆ. ಸೀಳನ್ನು ಸೊಂಟದ ಗೆರೆಗಿಂತ ಒಂದು ಎಳೆಯಷ್ಟೂ ಮೇಲೆ ಒಯ್ಯಬಾರದು. ಕೆಳಗೆ ನಿಂತರೂ ತೊಂದರೆಯೇ, ಎಸಳು ಹರಡದೆ ಸೊಂಟದ ಮೂಳೆಯ ಮೇಲೆ ಎದ್ದು ನಿಲ್ಲುತ್ತದೆ.

ಟ್ರಯಲ್ ಉಡುಪೂ ಒಂದು ಸಾಕ್ಷಿ

ಆಧಾರ ಕಡಿಮೆಯಿರುವಾಗ ಟ್ರಯಲ್ ಉಡುಪಿನ ಬೆಲೆ ಹೆಚ್ಚು. ಪುಸ್ತಕ ಹೇಳದ್ದನ್ನು ಮೈ ಹೇಳುತ್ತದೆ. ಅಗ್ಗದ ಡ್ರಿಲ್ ಬಟ್ಟೆಯ ಒಂದೇ ಪದರ, ಕಡ್ಡಿಯ ಜಾಗದಲ್ಲಿ ದಪ್ಪ ನೈಲಾನ್ ಕೇಬಲ್ ಟೈಗಳನ್ನು ಟೇಪಿನಿಂದ ಅಂಟಿಸಿ, ಬೆನ್ನಿಗೆ ಐಲೆಟ್ ಹೊಡೆದ ಎರಡು ಪಟ್ಟಿ ಹೊಲಿದರೆ ಸಾಕು. ಆ ಪಟ್ಟಿಗಳನ್ನು ಬಿಚ್ಚಿ ಮುಂದಿನ ಟ್ರಯಲ್‌ಗೂ ಬಳಸಬಹುದು. ಕಡ್ಡಿಯಿಲ್ಲದೆ ಬರೀ ಬಟ್ಟೆಯ ಟ್ರಯಲ್ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ.

ತೊಟ್ಟು, ಲಾಡಿ ಕಟ್ಟಿ, ಬೆನ್ನಿನ ತೆರಪನ್ನು ಮೊದಲು ನೋಡಬೇಕು. ತೆರಪಿನ ಎರಡು ಅಂಚು ಸಮಾನಾಂತರವಾಗಿದ್ದರೆ ಮೇಲಿನ ಮತ್ತು ಕೆಳಗಿನ ಅಳತೆ ಹೊಂದಿವೆ. ಮೇಲೆ ಅಗಲ, ಕೆಳಗೆ ಕಿರಿದಾದರೆ ಎದೆಗೆ ಬಟ್ಟೆ ಸಾಲದು. ಕೆಳಗೆ ಅಗಲವಾದರೆ ಸೊಂಟಕ್ಕೆ ಸಾಲದು. ನಡುವೆ ಮಾತ್ರ ಅಗಲಿಸಿದರೆ ಬೆನ್ನಿನ ಕಡ್ಡಿ ದುರ್ಬಲ, ನಕ್ಷೆಯದೇನೂ ತಪ್ಪಿಲ್ಲ. ಸೊಂಟದ ಮೇಲೆ ಅಡ್ಡ ಮಡಿಕೆ ಬಿದ್ದರೆ ಉಡುಪಿನ ಸೊಂಟ ಮೈಯ ಸೊಂಟಕ್ಕಿಂತ ಕೆಳಗಿದೆ, ಎದೆಯ ಮೇಲಿನ ಅಂಚಿನಿಂದಲ್ಲದೆ ಸೊಂಟದ ಗೆರೆಯಿಂದಲೇ ಒಂದು ಸೆಂಟಿಮೀಟರ್ ತೆಗೆಯಬೇಕು. ಕಂಕುಳಿನಿಂದ ಎದೆಯ ಕಡೆಗೆ ಓರೆ ಸುಕ್ಕು ಬಂದರೆ ಭುಜಪಟ್ಟಿ ಮೋಟಾಗಿದೆ.

ನಿಂತು ನೋಡಿದರೆ ಸಾಲದು. ಕುಳಿತುಕೊಳ್ಳಬೇಕು. ಮುಂಭಾಗದ ಕೆಳಗಿನ ಚೂಪು ತುದಿ ಕುಳಿತಾಗ ತೊಡೆಗೆ ತಾಗಿ ಇಡೀ ಉಡುಪನ್ನು ಮೇಲಕ್ಕೆ ತಳ್ಳುತ್ತದೆಯೇ? ಹಾಗಾದರೆ ಚೂಪನ್ನು ಎರಡು ಸೆಂಟಿಮೀಟರ್ ಮೊಟಕು ಮಾಡಬೇಕು. ಮತ್ತೊಂದು ದೂರು ಸಾಮಾನ್ಯ: ಭುಜಪಟ್ಟಿ ಜಾರುತ್ತದೆ. ಪಟ್ಟಿಯನ್ನು ಬಿಗಿ ಮಾಡಿದರೆ ಇದು ಸರಿಯಾಗುವುದಿಲ್ಲ. ಪಟ್ಟಿಯ ಹಿಂದಿನ ಬುಡ ಬೆನ್ನಿನ ನಡುಗೆರೆಗೆ ಇನ್ನಷ್ಟು ಹತ್ತಿರ ಬರಬೇಕು. ಪಟ್ಟಿ ಓರೆ ಎಳೆಯಲ್ಲಿ ಬಿದ್ದಿದ್ದರೆ ಒಂದು ಗಂಟೆಯಲ್ಲೇ ಜಗ್ಗಿ ಉದ್ದವಾಗುತ್ತದೆ, ಅದನ್ನು ಹಾಸಿನ ಎಳೆಯಲ್ಲಿ ಬೇರೆಯಾಗಿಯೇ ಕತ್ತರಿಸುವುದು ವಾಸಿ.

ಕಡ್ಡಿ ಯಾವುದು

ಮೂಲದಲ್ಲಿ ಬಳಸಿದ್ದು ಬಲೀನ್. ತಿಮಿಂಗಿಲದ ಮೂಳೆ ಎಂದು ಕರೆದರೂ ಅದು ಮೂಳೆಯಲ್ಲ. ಹಲ್ಲಿಲ್ಲದ ತಿಮಿಂಗಿಲಗಳು ನೀರು ಸೋಸಲು ಬಾಯಲ್ಲಿ ಬೆಳೆಸಿಕೊಳ್ಳುವ ಕೆರಾಟಿನ್ ಪಟ್ಟಿ, ನಮ್ಮ ಉಗುರಿನದೇ ವಸ್ತು. ಎಳೆಯ ಉದ್ದಕ್ಕೆ ಎಷ್ಟು ತೆಳುವಾಗಿ ಬೇಕಾದರೂ ಸೀಳುತ್ತದೆ, ಬಾಗಿದರೆ ಮುರಿಯುವುದಿಲ್ಲ. ಮೈ ಶಾಖಕ್ಕೆ ಮೆತ್ತಗಾಗಿ, ಧರಿಸಿದವರ ಆಕಾರವನ್ನೇ ಹಿಡಿದು ನಿಲ್ಲುವುದು ಅದರ ಮುಖ್ಯ ಗುಣ. ಉಕ್ಕಿನ ಕಡ್ಡಿ ಹಾಕಿದರೆ ಈ ಗುಣ ಸಿಗುವುದಿಲ್ಲ. ಉಕ್ಕು ಎಷ್ಟು ಬಾಗಿಸಿದರೂ ನೆಟ್ಟಗಾಗಲು ನೋಡುತ್ತದೆ, ಆದ್ದರಿಂದ ಎದೆಯ ಮೇಲಿನ ಅಂಚು ಮೈಯಿಂದ ದೂರ ನಿಲ್ಲುತ್ತದೆ.

ನಿಜವಾದ ಬಲೀನ್ ಇವತ್ತು ಬಳಸುವಂತಿಲ್ಲ, ಬಳಸಲೂಬಾರದು. ಭಾರತದಲ್ಲಿ ತಿಮಿಂಗಿಲಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಳೆಯ ಛತ್ರಿಯಿಂದ ತೆಗೆದದ್ದು ಎಂದು ಯಾರಾದರೂ ಮಾರಿದರೂ ಕೊಳ್ಳಬೇಡಿ. ಬದಲಿಗೆ ಜರ್ಮನಿಯಲ್ಲಿ ತಯಾರಾಗುವ ಪ್ಲಾಸ್ಟಿಕ್ ಬಲೀನ್ ಸಿಗುತ್ತದೆ. 5 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ್ದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದೂ ಶಾಖಕ್ಕೆ ಆಕಾರ ಹಿಡಿಯುತ್ತದೆ. ತರಿಸುವುದು ದುಬಾರಿಯಾದರೆ ಹಾರ್ಡ್‌ವೇರ್ ಅಂಗಡಿಯ ದೊಡ್ಡ ಕೇಬಲ್ ಟೈ ನಡೆಯುತ್ತದೆ. ತುದಿಯ ಬೀಗ ಕತ್ತರಿಸಿ, ಹಲ್ಲಿರುವ ಮುಖವನ್ನು ಮೈಯಿಂದ ಆಚೆಗೆ ಇಡಬೇಕು. ಬುಟ್ಟಿ ಹೆಣೆಯುವವರ ಸೀಳಿದ ಬೆತ್ತವೂ ಆಗುತ್ತದೆ, ಆ ಕಾಲದಲ್ಲಿ ಬಡವರ ಉಡುಪಿಗೆ ಒಣ ಹುಲ್ಲಿನ ಕಾಂಡಗಳನ್ನು ಕಟ್ಟುಕಟ್ಟಾಗಿ ತುಂಬುತ್ತಿದ್ದರು. ಬೆತ್ತ ಸೊಂಟದ ಹತ್ತಿರ ಮಡಿಚಿದರೆ ಒಡೆದು ಬಟ್ಟೆ ಚುಚ್ಚುತ್ತದೆ, ಹಾಗಾಗಿ ಅದನ್ನು ಬೆನ್ನಿನ ಅಂಚಿಗೆ ಬಳಸದಿರುವುದು ಒಳ್ಳೆಯದು.

ಎಷ್ಟು ಬೇಕು? ಮೇಲಿನ ಅಳತೆಗೆ ಮುಂದೆ, ಮರದ ಪಟ್ಟಿಯ ಎರಡೂ ಕಡೆ 12ರಂತೆ 24 ಕಡ್ಡಿ, ಒಂದೊಂದು ಸುಮಾರು 26 ಸೆಂ.ಮೀ. ಪಕ್ಕಕ್ಕೆ 6ರಂತೆ 12, ತಲಾ 18 ಸೆಂ.ಮೀ. ಬೆನ್ನಿಗೆ 4ರಂತೆ 8, ತಲಾ 30 ಸೆಂ.ಮೀ. ಒಟ್ಟು 10.8 ಮೀಟರ್. ತುದಿ ಉಜ್ಜುವಾಗ ಹೋಗುವುದನ್ನೂ ಸೇರಿಸಿ 13 ಮೀಟರ್ ತೆಗೆದುಕೊಳ್ಳಿ. ಇದು ಅರ್ಧ ಕಡ್ಡಿಯ ಉಡುಪು. ಉದ್ದಕ್ಕೂ ಜಾಗ ಬಿಡದೆ ಕಡ್ಡಿ ತುಂಬಿದರೆ ಇದರ ಎರಡು ಪಟ್ಟಿಗೂ ಹೆಚ್ಚು ಬೇಕಾಗುತ್ತದೆ.

ಹೊರಬಟ್ಟೆಗೆ 110 ಸೆಂ.ಮೀ. ಪನ್ನದ ರೇಷ್ಮೆ ಮುಕ್ಕಾಲು ಮೀಟರ್, ಒಳಗಿನ ಎರಡು ಪದರಕ್ಕೆ ಚದರ ಮೀಟರಿಗೆ 200ರಿಂದ 250 ಗ್ರಾಂ ತೂಗುವ ಲಿನನ್ ಒಂದೂವರೆ ಮೀಟರ್. ಎಳೆಯುವ ಬಲವನ್ನೆಲ್ಲ ಹೊರುವುದು ಲಿನನ್, ರೇಷ್ಮೆ ನೋಟಕ್ಕೆ. ಲಿನನ್ ಬದಲು ಗಟ್ಟಿ ಹತ್ತಿ ಕ್ಯಾನ್ವಾಸ್ ಆಗಬಹುದು. ಯಾವುದಾದರೂ ಜಗ್ಗುವ ಗುಣ ಇರಬಾರದು. ಕತ್ತರಿಸುವ ಮೊದಲು ಒಗೆದು ಇಸ್ತ್ರಿ ಮಾಡಬೇಕು, ರೇಷ್ಮೆಯನ್ನಲ್ಲ, ಲಿನನ್ ಮಾತ್ರ.

ಹೊಲಿಗೆಯ ಕ್ರಮ

ಇಲ್ಲಿ ಬಹಳ ಮಂದಿ ಎಡವುವುದು ಒಂದೇ ಕಡೆ: ಮೊದಲು ತುಂಡನ್ನು ಕರಾರುವಾಕ್ಕಾಗಿ ಕತ್ತರಿಸಿ ಆಮೇಲೆ ಕಡ್ಡಿ ತೂರಿಸುವ ಸಂದುಗಳನ್ನು ಹೊಲಿಯುತ್ತಾರೆ. ಮೂರು ಪದರಗಳನ್ನು ಸಾಲುಸಾಲಾಗಿ ಹೊಲಿದು ಒಳಗೆ ಕಡ್ಡಿ ತೂರಿಸಿದಾಗ ಬಟ್ಟೆ ಪ್ರತಿ ಕಡ್ಡಿಯ ಮೇಲೆ ಸ್ವಲ್ಪ ಉಬ್ಬಿ, ಒಟ್ಟು ಅಗಲ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕಲು ಒಂದು ಚೂರು ಹೊಲಿದು ನೋಡಬೇಕು. ಅದೇ ಮೂರು ಬಟ್ಟೆ, ಅದೇ ದಾರ, 7 ಮಿ.ಮೀ. ಅಂತರದ 10 ಸಂದು, ಒಳಗೆ ಕಡ್ಡಿ. ಗುರುತು ಹಾಕಿದಾಗ 7 ಸೆಂ.ಮೀ. ಇದ್ದದ್ದು 6.7ಕ್ಕೆ ಬಂದರೆ ಒಂದು ಸಂದಿಗೆ 0.3 ಮಿ.ಮೀ. ಕುಗ್ಗಿದೆ. 44 ಸಂದಿಗೆ ಒಟ್ಟು 1.3 ಸೆಂ.ಮೀ. ಪೂರ್ತಿ ಕಡ್ಡಿಯ ಉಡುಪಿನಲ್ಲಿ ನೂರರಷ್ಟು ಸಂದು ಬಂದರೆ 3 ಸೆಂ.ಮೀ. ಈ ಲೆಕ್ಕ ಸೇರಿಸದಿದ್ದರೆ ಟ್ರಯಲ್‌ನಲ್ಲಿ ಚೆನ್ನಾಗಿ ಕೂತಿದ್ದ ಉಡುಪು ಕೊನೆಗೆ ಬಿಗಿಯಾಗುತ್ತದೆ, ನಕ್ಷೆಯನ್ನು ದೂರುವಂತಾಗುತ್ತದೆ.

7 ಮಿ.ಮೀ. ಏಕೆ? ಕಡ್ಡಿಯ ಅಗಲ 5, ದಪ್ಪ 1.5, ತೂರಿಸಲು ಸಡಿಲ ಅರ್ಧ. ಇದಕ್ಕಿಂತ ಕಿರಿದಾದರೆ ಕಡ್ಡಿ ಹೋಗುವುದಿಲ್ಲ. ಅಗಲವಾದರೆ ಒಳಗೆ ಮಗುಚಿಕೊಂಡು ಅಂಚು ಮೇಲಾಗಿ ನಿಲ್ಲುತ್ತದೆ, ಆಗ ಬಟ್ಟೆ ಅಲ್ಲೇ ಸವೆಯುತ್ತದೆ.

ಆದ್ದರಿಂದ ಕ್ರಮ ಹೀಗೆ. ಎರಡು ಲಿನನ್ ಪದರ ಮತ್ತು ರೇಷ್ಮೆಯನ್ನು ನಕ್ಷೆಗಿಂತ ಸುತ್ತಲೂ 2 ಸೆಂ.ಮೀ. ಹೆಚ್ಚಿಗೆ ಬಿಟ್ಟು ಕತ್ತರಿಸಿ. ಎಳೆಯ ದಿಕ್ಕು ಮೂರರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಉಡುಪು ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕಿ. ಹಾಕುವಾಗ ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಡದೆ, ತೊಡೆಯ ಮೇಲೆ ಬಾಗಿಸಿಟ್ಟು ರೇಷ್ಮೆಯನ್ನು ಹೊರಮುಖಕ್ಕೆ ಹಿಡಿಯಬೇಕು. ಹೊರಪದರ ಸುತ್ತುವ ದಾರಿ ಒಳಪದರಕ್ಕಿಂತ ಉದ್ದ. ಚಪ್ಪಟೆ ಹೊಲಿದರೆ ತೊಟ್ಟಾಗ ಒಳಗಿನ ಲಿನನ್ ಸುಕ್ಕಾಗಿ ಚರ್ಮಕ್ಕೆ ಒತ್ತುತ್ತದೆ.

ಮುಂದಿನ ನಡುವೆ 4.5 ಸೆಂ.ಮೀ. ಅಗಲದ ಗೂಡು ಬಿಟ್ಟು, ಅಲ್ಲಿಂದ ಎರಡೂ ಪಕ್ಕಕ್ಕೆ ಸಂದುಗಳನ್ನು ಹೊಲಿಯುತ್ತ ಹೋಗಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಬಟ್ಟೆ ಒಂದೇ ಕಡೆ ತಳ್ಳಿಕೊಂಡು ಹೋಗುತ್ತದೆ. ಕೈಯಲ್ಲಿ ಹೊಲಿಯುವವರಿಗೆ ಜೇನುಮೇಣ ಸವರಿದ ಲಿನನ್ ದಾರ, ಸೆಂಟಿಮೀಟರಿಗೆ ಮೂರರಂತೆ ಬ್ಯಾಕ್‌ಸ್ಟಿಚ್. ಒತ್ತಿನ ಸಂದುಗಳಿಗೆ ನಡುವಿನ ಗೆರೆ ಒಂದೇ ಆದ್ದರಿಂದ ಒಟ್ಟು ಹನ್ನೆರಡು ಮೀಟರಿನಷ್ಟು ಹೊಲಿಗೆ ಬರುತ್ತದೆ. ನಾಟಕದ ವೇಷಕ್ಕಾದರೆ ಮೆಷಿನ್ನಿನಲ್ಲೇ ಹೊಲಿಯಿರಿ, ಯಾರಿಗೂ ಕಾಣದು. ವಸ್ತು ಹೇಗಿತ್ತೆಂದು ತಿಳಿಯುವುದೇ ಉದ್ದೇಶವಾದರೆ ಮುಂಭಾಗವನ್ನಾದರೂ ಕೈಯಲ್ಲಿ ಹೊಲಿಯಬೇಕು. ಕೈಹೊಲಿಗೆಯ ಸಂದು ಸ್ವಲ್ಪ ಸಡಿಲವಾಗಿ ಬಾಗುತ್ತದೆ, ಮೆಷಿನ್ನಿನದು ಗಡುಸಾಗುತ್ತದೆ, ತೊಟ್ಟಾಗ ಇವೆರಡರ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ.

ಸಂದು ಮುಗಿದ ಮೇಲೆ ನಕ್ಷೆಯನ್ನು ಮತ್ತೆ ಇಟ್ಟು ಈಗ ನಿಜವಾದ ಅಂಚು ಕತ್ತರಿಸಿ, ಪಕ್ಕಗಳನ್ನು ಜೋಡಿಸಿ. ಕಡ್ಡಿಯ ತುದಿಗಳನ್ನು ಅರಕ್ಕೆ ಉಜ್ಜಿ ದುಂಡಗೆ ಮಾಡಿ ತೂರಿಸಿ. ಕಡ್ಡಿ ಅಂಚುಪಟ್ಟಿಗಿಂತ 3 ಮಿ.ಮೀ. ಮೊದಲೇ ನಿಲ್ಲಬೇಕು. ಅಂಚಿಗೆ ತಾಗುವಷ್ಟು ಉದ್ದವಾದರೆ ಕೆಲವು ಸಲ ತೊಡುವಷ್ಟರಲ್ಲಿ ಪಟ್ಟಿಯನ್ನು ತಿಂದು ಹೊರಬರುತ್ತದೆ. ಹತ್ತು ಮಿ.ಮೀ. ಮೋಟಾದರೆ ಅಷ್ಟು ಅಂಚು ಮಡಿಚಿಕೊಳ್ಳುತ್ತದೆ.

ಲಾಡಿ ಕಣ್ಣು ಮಾಡಲು ಬಟ್ಟೆ ಕತ್ತರಿಸಬಾರದು. ದಬ್ಬಳದಂಥ ಚೂಪು ಮೊಳೆಯಿಂದ ಎಳೆಗಳನ್ನು ಅಗಲಿಸಿ 4-5 ಮಿ.ಮೀ. ತೂತು ಮಾಡಿ, ಸುತ್ತ ಒತ್ತಾಗಿ ದಾರ ಸುತ್ತಿ ಹೊಲಿಯಬೇಕು. ಎಳೆ ತುಂಡಾಗದಿದ್ದರೆ ಲಾಡಿ ಜಗ್ಗಿದಷ್ಟೂ ಕಣ್ಣು ಬಿಗಿಯಾಗುತ್ತದೆ, ಕತ್ತರಿಸಿದ್ದಾದರೆ ಹರಿಯುತ್ತದೆ. ನಾಲ್ಕು ಹೊಲಿಗೆಗೊಮ್ಮೆ ಮೊಳೆಯನ್ನು ಮತ್ತೆ ತೂರಿಸಿ ತೂತನ್ನು ತೆರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಕೊನೆಗೆ ಲಾಡಿಯೇ ಹೋಗದು. ಕಣ್ಣಿನ ಎರಡೂ ಪಕ್ಕ ಒಂದೊಂದು ಕಡ್ಡಿ ಇರಲೇಬೇಕು.

32 ಸೆಂ.ಮೀ. ಬೆನ್ನಿಗೆ 2.2 ಸೆಂ.ಮೀ. ಅಂತರದಲ್ಲಿ ಒಂದು ಬದಿಗೆ 14 ಕಣ್ಣು. ಒಂದೇ ಲಾಡಿ ಸುರುಳಿಯಂತೆ ಏರುವ ಕ್ರಮವಾದ್ದರಿಂದ ಎಡ ಬಲದ ಕಣ್ಣುಗಳು ಎದುರುಬದುರು ಬರಬಾರದು. ಒಂದು ಬದಿಯ ಸಾಲನ್ನು ಅರ್ಧ ಅಂತರ, ಅಂದರೆ 1.1 ಸೆಂ.ಮೀ. ಇಳಿಸಬೇಕು. ಎದುರುಬದುರು ಮಾಡಿ ಸುರುಳಿ ಲಾಡಿ ಹಾಕಿದರೆ ಉಡುಪಿನ ಒಂದು ಬದಿ ಮೇಲೇರಿ ನಿಲ್ಲುತ್ತದೆ. ಲಾಡಿ 3 ಮೀಟರಿಗಿಂತ ಹೆಚ್ಚಿಗೆ ಇರಲಿ.

ಅಂಚು ಕಟ್ಟುವುದು ತಾಳ್ಮೆಯ ಕೆಲಸ, ಎಸಳುಗಳ ನಡುವಿನ ಮೂಲೆಗಳಲ್ಲಿ ಮುಖ್ಯವಾಗಿ. ಸೀಳಿನ ತುದಿಯಲ್ಲಿ ಮೊದಲು ನಾಲ್ಕೈದು ಕಾಜಾ ಹೊಲಿಗೆ ಹಾಕಿ ಬಲಪಡಿಸಿ. ಬಟ್ಟೆಯ ಕ್ರಾಸ್ ಪಟ್ಟಿಯನ್ನು ಅಷ್ಟು ಕಿರಿದಾದ ತಿರುವಿನಲ್ಲಿ ಮಡಿಸಿದರೆ ಗಂಟಾಗುತ್ತದೆ. ವೆಸ್ಟ್‌ಮಿನ್‌ಸ್ಟರ್ ಉಡುಪಿನ ಚರ್ಮದ ಅಂಚಿನ ಗುಟ್ಟು ಬಹುಶಃ ಇಲ್ಲೇ ಇದೆ. ತೆಳು ಚರ್ಮದ ಅಂಚು ಎಳೆ ಬಿಡುವುದಿಲ್ಲವಾದ್ದರಿಂದ ಒಳಗೆ ಮಡಚಬೇಕಿಲ್ಲ, ತಿರುವಿನಲ್ಲಿ ಹಿಗ್ಗುತ್ತದೆ, ಕಡ್ಡಿಯ ಒತ್ತಡವನ್ನೂ ತಡೆಯುತ್ತದೆ. ಕೈಚೀಲಕ್ಕೆ ಬಳಸುವ ಮೆತ್ತನೆಯ ಮೇಕೆ ಚರ್ಮವನ್ನು 1.5 ಸೆಂ.ಮೀ. ಪಟ್ಟಿಯಾಗಿ ಕತ್ತರಿಸಿಕೊಂಡರೆ ಸಾಕು. ಜರ್ಮನ್ ಮಾದರಿಗೆ ಇದನ್ನು ಹಾಕಿದರೆ ನಕ್ಷೆಯಲ್ಲಿ ಆ ಅಂಚನ್ನು ಕೆಂಪಿನಲ್ಲಿ ಗುರುತಿಸಿ: ಎರವಲು ತಂದದ್ದು.

ಮುಂದಿನ ಮರದ ಪಟ್ಟಿಗೆ ನೆಟ್ಟಗಿನ ಎಳೆಯ ಗಟ್ಟಿ ಮರ ಬೇಕು. ತೇಗವಾಗಲಿ ಬೀಟೆಯಾಗಲಿ ಆದೀತು. 30 ಸೆಂ.ಮೀ. ಉದ್ದ, ಮೇಲೆ 4 ಕೆಳಗೆ 3 ಸೆಂ.ಮೀ. ಅಗಲ, 5 ಮಿ.ಮೀ. ದಪ್ಪ, ಎಲ್ಲ ಅಂಚೂ ದುಂಡಗೆ. ಎಳೆ ಓರೆಯಾಗಿದ್ದರೆ ಮೊದಲ ಸಲ ಬಗ್ಗಿದಾಗಲೇ ಮುರಿಯುತ್ತದೆ. ಗೂಡಿನ ಬಾಯಿ ಮೇಲ್ಗಡೆ ಇರುತ್ತದೆ, ಪಟ್ಟಿ ಮೇಲಕ್ಕೆ ಜಾರದಂತೆ ಮೇಲಿನ ಎರಡು ಸಣ್ಣ ಕಣ್ಣುಗಳ ಮೂಲಕ ಒಂದು ದಾರ ಕಟ್ಟಬೇಕು. ಪಟ್ಟಿಯನ್ನು ಹೊರತೆಗೆಯಲು ಬರುವಂತಿದ್ದರೆ ಒಣಗಿಸಲೂ ಅನುಕೂಲ.

ಒಳಗೆ ಯಾವಾಗಲೂ ಒಂದು ತೆಳು ಲಿನನ್ ಅಥವಾ ಹತ್ತಿಯ ಅಂಗಿ ತೊಟ್ಟಿರಬೇಕು. ಬೆವರು ಹೀರುವುದು ಅದು, ಒಗೆಯುವುದೂ ಅದನ್ನೇ, ಕಾರ್ಸೆಟ್ಟಿಗೆ ನೀರು ತಾಗಿಸುವುದಿಲ್ಲ. ಮೊದಲ ಕೆಲವು ದಿನ ಲಾಡಿಯನ್ನು ಸಡಿಲವಾಗಿ ಕಟ್ಟಿ ಒಂದೊಂದು ಗಂಟೆ ಮಾತ್ರ ತೊಟ್ಟರೆ ಕಡ್ಡಿಗಳು ಮೈಗೆ ಹೊಂದಿಕೊಳ್ಳುತ್ತವೆ. ಉಸಿರು ಪೂರ್ತಿ ಎಳೆದುಕೊಳ್ಳಲು ಆಗದಿದ್ದರೆ ಅದು ಬಿಗಿ ಹೆಚ್ಚಾಗಿದೆ. ಬಿಚ್ಚಿದ ಮೇಲೆ ಮಡಚಿಡದೆ, ಲಾಡಿಯನ್ನು ಅಗಲಿಸಿ, ಮರದ ಪಟ್ಟಿ ತೆಗೆದು ನೆರಳಲ್ಲಿ ನಿಲ್ಲಿಸಿಡಬೇಕು. ಮಳೆಗಾಲದಲ್ಲಿ ಲಿನನ್ ಪದರಗಳ ನಡುವೆ ಬೂಷ್ಟು ಬರುವುದು ಬೇಗ, ಹೊರಗಿನ ರೇಷ್ಮೆಯಲ್ಲಿ ಅದು ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ದಾರ ಲಡ್ಡಾಗಿರುತ್ತದೆ.